ಚೀಲ ಕೊಳ್ಳುವ ಮುನ್ನ ಹೆಗಲನ್ನು ಕೇಳಿ

ಕಳೆದ ತಿಂಗಳು ಬೆಂಗಳೂರಿಗೆ ಹೋಗಿದ್ದಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆಯಲ್ಲಿ ಎರಡು ದಿನ ಉಳಿದಿದ್ದೆ. ಒಳ್ಳೆಯ ಹುದ್ದೆಯಲ್ಲಿರುವ ಆತ ಇತ್ತೀಚೆಗೆ ಗಾಲ್ಫ್ ಕಲಿಯತೊಡಗಿದ್ದಾನೆ. "ಸಾರ್, ಹೊಸ ಬ್ಯಾಗು ಕೊಳ್ಳಬೇಕು, ನೀವೂ ಜೊತೆಗೆ ಬನ್ನಿ" ಎಂದ. ಚಿನ್ನಿದಾಂಡಿನ ದಾಂಡನ್ನು ಬಿಟ್ಟರೆ ಬೇರೆ ದಾಂಡನ್ನು ಕೈಯಲ್ಲಿ ಹಿಡಿಯದ ನಾನು ಅಲ್ಲಿ ಮಾಡುವುದೇನು ಎಂದು ನಗುತ್ತಲೇ ಹೊರಟೆ. ಆದರೆ ಅಂಗಡಿಯಲ್ಲಿ ನಿಂತ ಮೇಲೆ, ಈ ವಿಷಯದಲ್ಲಿ ನನಗೂ ಒಂದು ಅಭಿಪ್ರಾಯವಿದೆಯೆಂಬುದು ಅರಿವಾಯಿತು.

ಗಾಲ್ಫ್ ಚೀಲಗಳಲ್ಲಿ ಮುಖ್ಯವಾಗಿ ಮೂರು ಬಗೆ. ಎರಡು ಸಣ್ಣ ಕಾಲುಗಳನ್ನು ಚಾಚಿ ಹುಲ್ಲಿನ ಮೇಲೆ ನಿಲ್ಲುವ ಸ್ಟ್ಯಾಂಡ್ ಬ್ಯಾಗ್ ಮೊದಲನೆಯದು. ಖಾಲಿಯಿದ್ದಾಗ ಎರಡು-ಎರಡೂವರೆ ಕಿಲೋ ತೂಗುತ್ತದೆ. ಗಾಡಿಯ ಮೇಲೆ ಕಟ್ಟಿ ಒಯ್ಯಲೆಂದು ಮಾಡಿದ ಕಾರ್ಟ್ ಬ್ಯಾಗ್ ಅದಕ್ಕಿಂತ ತುಸು ಭಾರ, ಜೇಬುಗಳೂ ಹೆಚ್ಚು. ಮೂರನೆಯದು ದೂರದರ್ಶನದಲ್ಲಿ ವೃತ್ತಿಪರ ಆಟಗಾರರ ಪಕ್ಕದಲ್ಲಿ ಕಾಣುವ ಟೂರ್ ಬ್ಯಾಗ್. ದಾಂಡು, ಚೆಂಡು, ಕೊಡೆ, ನೀರು, ಮಳೆಯಂಗಿ ಎಲ್ಲವನ್ನೂ ತುಂಬಿದರೆ ಅದು ಇಪ್ಪತ್ತು ಕಿಲೋ ಸಮೀಪಿಸುತ್ತದೆ. ನಮ್ಮವನ ಕಣ್ಣು ಬಿದ್ದದ್ದು ಆ ಮೂರನೆಯದರ ಮೇಲೆ. ಹೊಳೆಯುವ ಹೊದಿಕೆ, ಹೆಸರು ಹೆಣೆಸಲು ಬೇರೆಯೇ ಜಾಗ!

"ಇದನ್ನು ನೀನು ಹೊರುತ್ತೀಯೇನಪ್ಪಾ?" ಎಂದು ಕೇಳಿದೆ.

"ಇಲ್ಲ ಸಾರ್, ಕ್ಯಾಡಿ ಇರ್ತಾರಲ್ಲ" ಎಂದ.

ಆ ಮಾತು ನನ್ನನ್ನು 1990ರ ದಶಕಕ್ಕೆ ಎಳೆದೊಯ್ದಿತು. ಆಗ ನಾನು ಪಾಠ ಹೇಳುತ್ತಿದ್ದ ಒಂದು ಹಳ್ಳಿಯ ಸಮೀಪದಲ್ಲಿ ಗಾಲ್ಫ್ ಮೈದಾನವಿತ್ತು. ಏಳನೆಯ ತರಗತಿಯ ಹುಡುಗನೊಬ್ಬ ಶನಿವಾರಗಳಂದು ತಪ್ಪದೆ ಗೈರುಹಾಜರಾಗುತ್ತಿದ್ದ. ಸೋಮವಾರ ಅವನನ್ನು ನಿಲ್ಲಿಸಿ ಎಲ್ಲರೆದುರು ಬೈದೆ, ಬೆತ್ತವನ್ನೂ ತೋರಿಸಿದೆ. ಅವನು ಮಾತನಾಡಲಿಲ್ಲ. ಬಗ್ಗಿದಾಗ ಸರಿದ ಅಂಗಿಯ ಕೆಳಗೆ, ಬಲ ಹೆಗಲಿನ ಮೇಲೆ ಪಟ್ಟಿಯ ಕೆಂಪು ಬರೆ ಕಾಣಿಸಿತು. ಬೈಯುವ ಮೊದಲು ಕಾರಣ ಕೇಳಬೇಕಾಗಿತ್ತು. ನಾನು ಬೈದ ಮೇಲೆ ಕೇಳಿದೆ. ಮನೆಯ ದಿನಸಿ ಆ ಶನಿವಾರದ ದುಡಿಮೆಯಿಂದ ಬರುತ್ತಿತ್ತು. ಆ ವರ್ಷದ ಕೊನೆಯಲ್ಲಿ ಅವನು ಶಾಲೆ ಬಿಟ್ಟ. ಈಗಲೂ ಕ್ಯಾಡಿಯಾಗಿಯೇ ಇದ್ದಾನೆ. ಕೆಲವು ವರ್ಷಗಳ ಹಿಂದೆ ಒಂದು ಮದುವೆಯಲ್ಲಿ ಸಿಕ್ಕಿದಾಗ, "ಬ್ಯಾಗು ನೋಡಿದ ತಕ್ಷಣ ಗೊತ್ತಾಗುತ್ತೆ ಮೇಷ್ಟ್ರೇ, ಅವತ್ತು ರಾತ್ರಿ ಎಷ್ಟು ಮೈಕೈ ನೋವು ಅಂತ" ಎಂದು ನಗುತ್ತಾ ಹೇಳಿದ್ದ. ನನಗೆ ನಗು ಬರಲಿಲ್ಲ.

ಹದಿನೆಂಟು ಕುಳಿಗಳ ಒಂದು ಸುತ್ತೆಂದರೆ ಸುಮಾರು ಏಳೆಂಟು ಕಿಲೋಮೀಟರ್ ನಡಿಗೆ, ನಾಲ್ಕು ಗಂಟೆಗೂ ಮೀರಿದ ಸಮಯ. ಅಷ್ಟು ದೂರ ಹತ್ತು ಕಿಲೋ ಹೊರುವುದಕ್ಕೂ ಇಪ್ಪತ್ತು ಕಿಲೋ ಹೊರುವುದಕ್ಕೂ ಇರುವ ಅಂತರ ಅಂಗಡಿಯ ದೀಪದ ಬೆಳಕಿನಲ್ಲಿ ತಿಳಿಯುವುದಿಲ್ಲ.

ಭಾರ ಹೆಚ್ಚಿದಷ್ಟೂ ಆಟ ಉತ್ತಮವಾಗುತ್ತದೆಯೇ ಎಂದರೆ, ಅದೂ ಇಲ್ಲ. 1930ರ ದಶಕದಲ್ಲಿ ಕೆಲವು ಆಟಗಾರರು ಇಪ್ಪತ್ತಕ್ಕೂ ಹೆಚ್ಚು ದಾಂಡುಗಳನ್ನು ಹೊರಿಸಿಕೊಂಡು ಹೋಗುತ್ತಿದ್ದರು. 1938ರಲ್ಲಿ ಅಮೆರಿಕದ ಗಾಲ್ಫ್ ಸಂಸ್ಥೆ ಹದಿನಾಲ್ಕೇ ಸಾಕೆಂದು ಮಿತಿ ಹಾಕಿತು. ಮರುವರ್ಷ ಬ್ರಿಟನ್ನಿನಲ್ಲೂ ಅದೇ ನಿಯಮ ಬಂದಿತು. 2001ರ ಬ್ರಿಟಿಷ್ ಓಪನ್‌ನ ಕೊನೆಯ ದಿನ ಇಯಾನ್ ವೂಸ್ನಮ್ ಎರಡನೆಯ ಕುಳಿಯ ಬಳಿ ನಿಂತಾಗ ಚೀಲದಲ್ಲಿ ಹದಿನೈದು ದಾಂಡುಗಳಿರುವುದು ಪತ್ತೆಯಾಯಿತು. ಎರಡು ಹೊಡೆತಗಳ ದಂಡ ತೆತ್ತು, ಮುಂಚೂಣಿಯಲ್ಲಿದ್ದವರು ಕೊನೆಗೆ ಜಂಟಿ ಮೂರನೆಯ ಸ್ಥಾನಕ್ಕೆ ತೃಪ್ತಿಪಡಬೇಕಾಯಿತು. ಜಗತ್ತಿನ ದೊಡ್ಡ ಆಟಗಾರನಿಗೇ ಹೆಚ್ಚಿನದೊಂದು ದಾಂಡು ಮುಳುವಾದರೆ, ಕಲಿಯುವವನಿಗೆ ಏಳೆಂಟು ದಾಂಡು ಸಾಲದೇ?

ಹಗುರ ಚೀಲ ಕೊಂಡು ತಾನೇ ಹೊತ್ತರೆ ಕ್ಯಾಡಿಯ ಕೂಲಿ ತಪ್ಪುವುದಿಲ್ಲವೇ ಎಂದು ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕ್ಯಾಡಿಯನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ಗಾಳಿಯ ದಿಕ್ಕು, ನೆಲದ ಇಳಿಜಾರು, ಯಾವ ದೂರಕ್ಕೆ ಯಾವ ದಾಂಡು ಎಂಬುದೆಲ್ಲ ಅವನಿಗೆ ತಿಳಿದಿರುತ್ತದೆ. ಆ ತಿಳಿವಳಿಕೆಗೆ ಸಂಬಳ ಕೊಡಿ, ಬೆನ್ನಿಗಲ್ಲ. ಕೂಲಿ ಅಷ್ಟೇ ಇರಲಿ, ಚೀಲ ಮಾತ್ರ ಹಗುರವಾಗಿರಲಿ. ದೆಹಲಿಯಲ್ಲಿ ಕ್ಯಾಡಿಯಾಗಿದ್ದ ಅಲಿ ಶೇರ್ 1991ರಲ್ಲಿ ಇಂಡಿಯನ್ ಓಪನ್ ಗೆದ್ದರು. ನಮ್ಮವರೇ ಆದ ಚಿಕ್ಕರಂಗಪ್ಪ ಬಿಡದಿಯ ಬಳಿ ಚೀಲ ಹೊರುತ್ತಲೇ ಆಟ ಕಲಿತು ವೃತ್ತಿಪರರಾದರು. ಹೊರುವವನಲ್ಲಿ ಆಟವೂ ಇರುತ್ತದೆ ಎಂಬುದಕ್ಕೆ ಇಷ್ಟು ಸಾಕ್ಷಿ ಸಾಕು. ಆದರೆ ಹಾಗೆ ಮೇಲೇರಿದವರ ಹೆಸರನ್ನು ಹೇಳಿ, ಶಾಲೆ ಬಿಟ್ಟು ಅಲ್ಲಿಯೇ ಉಳಿದ ನೂರಾರು ಮಕ್ಕಳನ್ನು ಮರೆಯುವುದು ಸಲ್ಲದು.

ಅಂಗಡಿಯವರ ಅನುಮತಿ ಪಡೆದು ಎರಡೂ ಚೀಲಗಳಿಗೆ ದಾಂಡುಗಳನ್ನು ತುಂಬಿಸಿದೆವು. ಶಿಷ್ಯನಿಗೆ ಹೊತ್ತುಕೊಂಡು ಮಹಡಿಯ ಮೆಟ್ಟಿಲು ಮೂರು ಸಲ ಹತ್ತಿಳಿಯಲು ಹೇಳಿದೆ. ನಲವತ್ತು ದಾಟಿದ ಮೇಲೂ ಮೇಷ್ಟ್ರ ಮಾತಿಗೆ ಅವನು ಎದುರಾಡಲಿಲ್ಲ. ದೊಡ್ಡದನ್ನು ಹೊತ್ತು ಎರಡನೆಯ ಸಲ ಇಳಿದವನೇ ಕೆಳಗಿಟ್ಟು ಹೆಗಲು ಒತ್ತಿಕೊಂಡ. ಕೊನೆಗೆ ಎರಡೂ ಹೆಗಲಿಗೆ ಭಾರ ಹಂಚುವ ಜೋಡಿ ಪಟ್ಟಿಯ, ಸೊಂಟಕ್ಕೆ ಮೆತ್ತೆಯಿರುವ, ಜೇಬು ಕಡಿಮೆಯಿರುವ ಸ್ಟ್ಯಾಂಡ್ ಬ್ಯಾಗನ್ನೇ ಕೊಂಡ. ಜೇಬು ಕಡಿಮೆಯಿದ್ದರೆ ತುಂಬುವ ಆಸೆಯೂ ಕಡಿಮೆ.

ನನ್ನ ವಿದ್ಯಾರ್ಥಿಗಳಲ್ಲಿ ದೇಶ-ವಿದೇಶಗಳಲ್ಲಿ ಗಾಲ್ಫ್ ಆಡುವವರು ಇದ್ದೀರೆಂದು ಬಲ್ಲೆ. ಆಡಿರಿ, ಒಳ್ಳೆಯ ಆಟ. ಆದರೆ ಮುಂದಿನ ಸಲ ಹೊರಡುವ ಮುನ್ನ ತುಂಬಿದ ಚೀಲವನ್ನು ನೀವೇ ಹೊತ್ತು ನಿಮ್ಮ ಬೀದಿಯ ಕೊನೆಯವರೆಗೆ ಒಮ್ಮೆ ನಡೆದು ನೋಡಿ. ಬೇಡದ್ದನ್ನೆಲ್ಲ ತೆಗೆದಿಡಿ. ನಿಮ್ಮ ಚೀಲ ಹೊರುವವನು ನಿಮ್ಮ ಹಿಂದಿನ ಬೆಂಚಿನಲ್ಲಿ ಕುಳಿತಿದ್ದವನೇ ಆಗಿರಬಹುದು. ಅವನ ಹೆಸರನ್ನು ಕೇಳಿ ತಿಳಿದುಕೊಳ್ಳಿ. ಅಂದು ಆ ಹುಡುಗನಿಗೆ ನಾನು ಕೇಳಬೇಕಾಗಿದ್ದ ಪ್ರಶ್ನೆಯನ್ನು ನೀವಾದರೂ ಸಕಾಲದಲ್ಲಿ ಕೇಳಿ.