ಹರಿಯುವ ನೀರು ವ್ಯರ್ಥವಲ್ಲ ಸ್ವಾಮಿ!

'ಕೆರೆ ಕೋಡಿ: ಅಪಾರ ನೀರು ವ್ಯರ್ಥ'. ಮಳೆಗಾಲ ಬಂತೆಂದರೆ ಈ ತಲೆಬರಹ ಕಾಯಂ. ನಾವೂ ಇಂಥ ಸುದ್ದಿ ಬರೆದು ಕಳಿಸಿದವರೇ. ಈಗ ಆ 'ವ್ಯರ್ಥ' ಎಂಬ ಪದವನ್ನು ವಾಪಸ್ ತೆಗೆದುಕೊಳ್ಳುತ್ತಿದ್ದೇವೆ. ಯಾಕೆಂದು ಹೇಳಲು ನಿಮ್ಮನ್ನು ಅಮೆರಿಕದ ಅರಿಜೋನಾ ರಾಜ್ಯದ ಮರುಭೂಮಿಗೆ ಕರೆದುಕೊಂಡು ಹೋಗಬೇಕು.

ಅಲ್ಲಿ ಅರವೈಪಾ ಎಂಬ ಕಣಿವೆಯಿದೆ. ನಾವು ಅಲ್ಲಿಗೆ ಹೋದವರಲ್ಲ, ಓದಿ ತಿಳಿದವರು. ಸುತ್ತಲೂ ಸೊನೊರಾನ್ ಮರುಭೂಮಿ. ಅದರ ಬಹುಭಾಗದಲ್ಲಿ ವರ್ಷಕ್ಕೆ 400 ಮಿ.ಮೀ. ಮಳೆಯೂ ಬೀಳುವುದಿಲ್ಲ. ಇಳಿಜಾರಿನ ಮೇಲೆ ಮರದೆತ್ತರದ ಕಳ್ಳಿಗಳು. ಕೆಲವೆಡೆ ಸಾವಿರ ಅಡಿವರೆಗೆ ಎದ್ದು ನಿಂತ ಬಂಡೆಗೋಡೆಗಳು. ಅವುಗಳ ನಡುವೆ ವರ್ಷವಿಡೀ ಹರಿಯುವ ಹೊಳೆ, ದಡದ ತುಂಬ ಹಸಿರು ಮರಗಳ ಸಾಲು.

ಚಾರಣಿಗರಿಗೆ ಅಲ್ಲಿ ಮಾಡಿಟ್ಟ ದಾರಿಯಿಲ್ಲ. ಹೊಳೆಯೇ ದಾರಿ. ಒಮ್ಮೆ ಪಾದ ಮುಳುಗುವಷ್ಟು, ಒಮ್ಮೆ ಮೊಣಕಾಲು ಮುಟ್ಟುವಷ್ಟು ನೀರಿನಲ್ಲಿ ಶೂ ಹಾಕಿಕೊಂಡೇ ನಡೆಯಬೇಕು. ಕಣಿವೆಯ ಉದ್ದ ಸುಮಾರು 18 ಕಿ.ಮೀ. ಇಷ್ಟು ಚೆಂದದ ಜಾಗಕ್ಕೆ ದಿನಕ್ಕೆ ಎಷ್ಟು ಜನರನ್ನು ಬಿಡುತ್ತಾರೆ ಗೊತ್ತೆ? ಬರೀ 50. ಪಶ್ಚಿಮದ ಬಾಗಿಲಿಂದ 30, ಪೂರ್ವದ ಬಾಗಿಲಿಂದ 20. ಮೊದಲೇ ಅನುಮತಿ ಪಡೆದಿರಬೇಕು. ನಾಯಿ ಕರೆದೊಯ್ಯುವಂತಿಲ್ಲ. 1984ರಿಂದ ಇದು ಕಾನೂನಿನ ರಕ್ಷಣೆಯಿರುವ ಕಾಡುಪ್ರದೇಶ.

ಆದರೆ 50 ಎಂಬ ಲೆಕ್ಕದಿಂದಲೇ ಹೊಳೆ ಉಳಿದಿದೆ ಎಂದುಕೊಂಡರೆ ಅರ್ಧ ಸತ್ಯ ಮಾತ್ರ ಹಿಡಿದಂತೆ. ಉಳಿದರ್ಧ ನೆಲದಡಿ ಇದೆ. ಕಣಿವೆಯ ಮೇಲ್ಭಾಗದಲ್ಲಿ ಅಗಲವಾದ ಬಯಲಿದೆ. ಅಲ್ಲಿ ಹೊಳೆಯ ಪಾತ್ರ ವರ್ಷದ ಹೆಚ್ಚು ದಿನ ಬರೀ ಮರಳು. ಬಿದ್ದ ಮಳೆ ಇಂಗಿ ನೆಲದೊಳಗೇ ಸಾಗುತ್ತದೆ. ಕಣಿವೆಯ ಹತ್ತಿರ ಗಟ್ಟಿ ಬಂಡೆ ಅಡ್ಡ ಬಂದಾಗ ಒರತೆಯಾಗಿ ಮೇಲೇಳುತ್ತದೆ. ಆ ಒರತೆಯೇ ಹೊಳೆ. ಮೇಲಿನ ಬಯಲಿನಲ್ಲಿ ಮನಸೋ ಇಚ್ಛೆ ಬೋರ್ ಕೊರೆದರೆ, ಕೆಳಗೆ ನಡೆಯುವವನ ಕಾಲಿಗೆ ಸಿಗುವುದು ಬಿಸಿ ಮರಳು. ಆಗ ದಿನಕ್ಕೆ ಒಬ್ಬನನ್ನೇ ಬಿಟ್ಟರೂ ಹೊಳೆ ವಾಪಸ್ ಬರುವುದಿಲ್ಲ.

ಇದು ಬಾಯಿಮಾತಿನ ಹೆದರಿಕೆಯಲ್ಲ. ಅದೇ ರಾಜ್ಯದ ಟುಸಾನ್ ನಗರದಲ್ಲಿ ಸಾಂತಾ ಕ್ರೂಜ್ ಎಂಬ ನದಿಯಿದೆ. ಒಂದು ಕಾಲಕ್ಕೆ ಅಲ್ಲಿ ಹರಿಯುವ ನೀರಿತ್ತು. ಅಂತರ್ಜಲ ಎತ್ತಿ ಎತ್ತಿ ಕಳೆದ ಶತಮಾನದಲ್ಲಿ ಅದನ್ನು ಒಣಗಿಸಿದರು. ಕೊನೆಗೆ 2019ರಲ್ಲಿ ಸಂಸ್ಕರಿಸಿದ ಕೊಳಚೆ ನೀರು ಬಿಟ್ಟು, ನಗರದ ನಡುವೆ ನದಿ ಮತ್ತೆ ಹರಿಯುವಂತೆ ಮಾಡಬೇಕಾಯಿತು. ಬೆಂಗಳೂರಿನ ಸಂಸ್ಕರಿಸಿದ ನೀರಿನಿಂದ ಕೆರೆ ತುಂಬಿಸಿಕೊಂಡ ಕೋಲಾರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅರಿಜೋನಾ ಕಾನೂನಿನಲ್ಲಿ ಒಂದು ಒಳ್ಳೆಯ ಅಂಶವಿದೆ. ನೀರನ್ನು ಎತ್ತದೆ, ತಿರುಗಿಸದೆ, ಹೊಳೆಯಲ್ಲೇ ಹರಿಯಲು ಬಿಡುವುದಕ್ಕೂ ಅಲ್ಲಿ ಹಕ್ಕು ಪಡೆಯಬಹುದು. ಮೀನು, ಕಾಡುಪ್ರಾಣಿ, ಅಡ್ಡಾಡಲು ಬರುವ ಜನ, ಇವರಿಗಾಗಿ ಹರಿಯುವುದೂ ನೀರಿನ ಬಳಕೆಯೇ ಎಂದು ಕಾಗದದ ಮೇಲೆ ಒಪ್ಪಿಕೊಂಡಿದ್ದಾರೆ. ಅರವೈಪಾದಲ್ಲಿ ಇಂದಿಗೂ ಏಳು ಜಾತಿಯ ಸ್ಥಳೀಯ ಮೀನುಗಳಿವೆ. ಅವುಗಳಲ್ಲಿ ಎರಡು ಅಳಿವಿನಂಚಿನವು.

"ಅವರು ಶ್ರೀಮಂತರು ಸ್ವಾಮಿ, ಮೀನಿಗೆ ನೀರು ಬಿಡುತ್ತಾರೆ. ನಮಗೆ ಕುಡಿಯೋಕೇ ಇಲ್ಲ" ಎಂದು ನೀವು ಕೇಳಬಹುದು. ನ್ಯಾಯವಾದ ಮಾತು. ಕುಡಿಯುವ ನೀರಿನ ಮುಂದೆ ಚಾರಣ, ಶೋಕಿ ಯಾವುದೂ ದೊಡ್ಡದಲ್ಲ. ಆದರೆ ಲೆಕ್ಕ ಹಾಕಿ ನೋಡಿ. ಹಳ್ಳ ಹರಿದರೆ ಅಕ್ಕಪಕ್ಕದ ಬಾವಿಗೆ ಒರತೆ, ದನಕರುಗಳಿಗೆ ಬಾಯಾರಿಕೆಗೆ ಆಸರೆ. ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ಜೀವ. ನಮ್ಮ ಹಿರಿಯರು ಸಾಲುಕೆರೆ ಕಟ್ಟಿದ್ದೇ ಹಾಗೆ, ಒಂದರ ಕೋಡಿ ಇನ್ನೊಂದಕ್ಕೆ. ಹರಿಯುವ ನೀರನ್ನು ವ್ಯರ್ಥ ಎಂದು ಕರೆದ ಮೇಲೆ ಮುಂದಿನ ಹೆಜ್ಜೆ ಅದನ್ನು ಹಿಡಿಯುವ ಗುತ್ತಿಗೆ. ಆಮೇಲೆ ಕೆಳಗಿನ ಊರಿಗೆ ಟ್ಯಾಂಕರ್.

ಹಾಗಾಗಿ ನಮ್ಮದು ಎರಡೇ ಮಾತು. ಸುದ್ದಿ ಬರೆಯುವ ಗೆಳೆಯರೇ, ಕೋಡಿ ಬಿದ್ದಾಗ 'ವ್ಯರ್ಥ' ಎನ್ನುವ ಮೊದಲು ಆ ನೀರು ಎಲ್ಲಿಗೆ ಹೋಗುತ್ತದೆಂದು ಒಂದು ಬೈಕ್ ಹತ್ತಿ ಹೋಗಿ ನೋಡಿ. ಊರಿನವರೇ, ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ: ನಮ್ಮ ಹಳ್ಳ ಹುಟ್ಟುವ ಜಾಗ ಯಾವುದು, ಅಲ್ಲಿ ಈಗ ಎಷ್ಟು ಬೋರ್ ಇವೆ?

ಉತ್ತರ ಸಿಕ್ಕರೆ ನಮಗೂ ತಿಳಿಸಿ. ಈ ಸಲ ಆ ಸುದ್ದಿಯನ್ನು ಸರಿಯಾಗಿ ಬರೆಯುತ್ತೇವೆ.