ಶಾಲೆ ಬಿಟ್ಟ ತಾಯಂದಿರ ಪ್ರೌಢಶಾಲೆ

ಸ್ಮರಣ ಸಂಚಿಕೆಯು ಕೈಸೇರಿದೊಡನೆ ಎಷ್ಟು ಮಂದಿ ಹುಡುಗಿಯರು ತೇರ್ಗಡೆ ಹೊಂದಿದರೆಂದು ನೋಡುವುದು ವಾಡಿಕೆ. ಹತ್ತನೆಯ ತರಗತಿಯನ್ನು ಮುಟ್ಟದೆ ಹೋದವರೆಷ್ಟು ಮಂದಿ ಎಂಬ ಪ್ರಶ್ನೆಯನ್ನೂ ಈ ಸಲ ನಮ್ಮ ಹಳೆ ವಿದ್ಯಾರ್ಥಿನಿಯರ ಮತ್ತು ಹೆತ್ತವರ ಮುಂದಿಡಬಯಸುತ್ತೇವೆ.

2011ರ ಜನಗಣತಿಯಂತೆ ಉಡುಪಿ ಜಿಲ್ಲೆಯಲ್ಲಿ ಅಕ್ಷರ ಬಲ್ಲವರು ನೂರಕ್ಕೆ 86ಕ್ಕೂ ಹೆಚ್ಚು. ಆದರೆ ಅಕ್ಷರ ಬಲ್ಲವರೆಲ್ಲರೂ ಪ್ರೌಢಶಾಲೆ ಮುಗಿಸಿದವರಲ್ಲ. ತಮ್ಮ ತಂಗಿಯರ ಆರೈಕೆಗೆಂದೋ, ಬೀಡಿಯ ಸೂಪಿಗೆಂದೋ, ಮದುವೆಗೆಂದೋ ನಡುವಿನಲ್ಲೇ ಪುಸ್ತಕ ಮುಚ್ಚಿದವರು ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಊರೂರಿನಲ್ಲಿಯೂ ಇದ್ದಾರೆ. 2009ರ ಶಿಕ್ಷಣದ ಹಕ್ಕಿನ ಕಾಯಿದೆಯು 6ರಿಂದ 14 ವರ್ಷದ ಮಕ್ಕಳಿಗೆ ಮಾತ್ರ ಅನ್ವಯಿಸುವುದರಿಂದ ಇಂಥವರಿಗೆ ಅದರಿಂದ ಪ್ರಯೋಜನವಿಲ್ಲ.

ಆದರೆ 1989ರಲ್ಲಿ ಕೇಂದ್ರ ಸರಕಾರವು ಸ್ಥಾಪಿಸಿದ, ಈಗ ಎನ್.ಐ.ಓ.ಎಸ್. ಎಂದು ಕರೆಯಲ್ಪಡುವ ಮುಕ್ತ ಶಾಲೆಯಲ್ಲಿ 14 ವರ್ಷ ತುಂಬಿದ ಯಾರೂ ಹತ್ತನೆಯ ತರಗತಿಗೆ ಹೆಸರು ಕೊಡಬಹುದು; ಮೇಲಿನ ವಯಸ್ಸಿಗೆ ಮಿತಿಯಿಲ್ಲ. ಐದು ವಿಷಯಗಳಲ್ಲಿ ತೇರ್ಗಡೆಯಾಗಲು ಐದು ವರ್ಷಗಳ ಅವಧಿಯೂ ಒಂಬತ್ತು ಅವಕಾಶಗಳೂ ಉಂಟು. 2021ರಿಂದ ಅಂತರ್ಜಾಲದ ಮೂಲಕವೇ ಪಾಠ ಹೇಳುವ ಏರ್ಪಾಡೂ ಆಗಿದೆ. ಕನ್ನಡದಲ್ಲಿಯೇ ಬರೆಯಬಯಸುವವರು ರಾಜ್ಯದ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಖಾಸಗಿ ಅಭ್ಯರ್ಥಿಗಳಾಗಿ ಕೂಡ್ರಬಹುದು.

ಇಂಥ ಶಾಲೆಯ ಹಾಜರಿ ಪುಸ್ತಕವು ನಮ್ಮದಕ್ಕಿಂತ ವಿಶಾಲವಾದುದು. ಗಂಗೊಳ್ಳಿಯ ಮೀನು ಮಾರುವಾಕೆ, ಗೇರುಬೀಜದ ಕಾರ್ಖಾನೆಯ ಕೆಲಸದಾಕೆ, ಕೊರಗ ಸಮುದಾಯದ ತರುಣಿ, ತುಳುವೋ ಕೊಂಕಣಿಯೋ ಮನೆಮಾತಾಗಿರುವ ಗೃಹಿಣಿ ಇವರೆಲ್ಲರ ಹೆಸರಿಗೂ ಅದರಲ್ಲಿ ಸ್ಥಳವುಂಟು. ಹದಿನಾರರ ಮಗಳೂ ನಲವತ್ತರ ತಾಯಿಯೂ ಒಂದೇ ಪಾಠವನ್ನು ಓದಬಹುದು. ಇದನ್ನು ಎರಡನೆಯ ದರ್ಜೆಯ ಶಿಕ್ಷಣವೆಂದು ಕಡೆಗಣಿಸುವುದು ನ್ಯಾಯವಲ್ಲ. ದಿನವಿಡೀ ದುಡಿದು ರಾತ್ರಿ ಲೆಕ್ಕ ಬಿಡಿಸುವಾಕೆಯ ಶ್ರಮವು ನಮ್ಮ ಬೆಂಚಿನ ಮೇಲೆ ಕುಳಿತ ಹುಡುಗಿಯ ಶ್ರಮಕ್ಕಿಂತ ಕಡಿಮೆಯೆಂದು ಯಾರು ಹೇಳಬಲ್ಲರು?

ಆದರೂ ಹೆಸರು ನೋಂದಾಯಿಸಿದ ಮಾತ್ರಕ್ಕೆ ಕಲಿತಂತಾಗದು. ಪಾಠವು ಮೊಬೈಲಿನಲ್ಲಿದ್ದು, ಮೊಬೈಲು ಮನೆಯ ಯಜಮಾನರ ಕಿಸೆಯಲ್ಲಿದ್ದರೆ, ಎಲ್ಲರಿಗೂ ತೆರೆದ ಶಾಲೆಯು ಆ ತಾಯಿಗೆ ಮುಚ್ಚಿದಂತೆಯೇ. “ಈ ಪ್ರಾಯದಲ್ಲಿ ಇನ್ನು ಓದು ಯಾಕೆ?” ಎಂಬ ಒಂದು ಮಾತೇ ಸಾಕು, ಆಕೆ ಪುಸ್ತಕವನ್ನು ಪುನಃ ಕಪಾಟಿನಲ್ಲಿಡಲು. ಸರಕಾರವು ವಯಸ್ಸಿನ ಮಿತಿಯನ್ನು ತೆಗೆದಿರುವಾಗ ಮನೆಯವರು ಅದನ್ನು ಹಾಕಬಾರದು.

ಆದಕಾರಣ ಹೆತ್ತವರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ಮನೆಯಲ್ಲಿ ಓದು ನಿಂತುಹೋದ ಹೆಂಗಸರಿದ್ದರೆ ದಿನಕ್ಕೊಂದು ಗಂಟೆಯ ಬಿಡುವನ್ನೂ ಮೊಬೈಲನ್ನೂ ಅವರಿಗೆ ಬಿಟ್ಟುಕೊಡಿರಿ, ಆ ಹೊತ್ತಿನ ಅಡಿಗೆಯ ಕೆಲಸವನ್ನು ಹಂಚಿಕೊಳ್ಳಿರಿ. ಹಳೆ ವಿದ್ಯಾರ್ಥಿನಿಯರಲ್ಲಿ ಕೇಳುವುದೇನಂದರೆ, ನಿಮ್ಮೊಡನೆ ಇದೇ ಬೆಂಚಿನಲ್ಲಿ ಕುಳಿತು ನಡುವೆ ಹೊರಟುಹೋದ ಗೆಳತಿಯ ಮನೆಗೆ ಒಮ್ಮೆ ಹೋಗಿಬನ್ನಿರಿ. ಆಕೆಗೆ ಅರ್ಜಿ ತುಂಬಿಸಿ ಕೊಡಿರಿ, ಗಣಿತ ಹೇಳಿಕೊಡಿರಿ. ಅದಕ್ಕೆ ಸ್ಥಳ ಬೇಕಿದ್ದರೆ ಶನಿವಾರ ಅಪರಾಹ್ನ ನಮ್ಮ ಶಾಲೆಯ ಒಂದು ಕೋಣೆಯನ್ನು ತೆರೆದಿಡಲು ನಾವು ಸಿದ್ಧರಿದ್ದೇವೆ.