ಬಳೆ ಬಿಚ್ಚಿಕೊಟ್ಟ ರಮಾಯಿ



ಮೇ 27 ಬರುವ ಹೊತ್ತಿಗೆ ನಮ್ಮ ಹಾಸ್ಟೆಲ್ಲುಗಳಿಗೆ ಬೀಗ ಬಿದ್ದಿರುತ್ತೆ. ಹುಡುಗರು ಊರು ಸೇರಿರ್ತಾರೆ, ಕೆಲವರು ಅಪ್ಪನ ಜೊತೆ ತೋಟದ ಕೂಲಿಗೆ. ಏಪ್ರಿಲ್ 14ಕ್ಕೆ ಹರಿಹರಪುರ, ಕೊಪ್ಪ, ಶೃಂಗೇರಿ ಕಡೆ ಕೇಳುವ ಜೈಕಾರ ಅವತ್ತು ಇರೋದಿಲ್ಲ. 1935ರ ಆ ದಿನ ಮುಂಬಯಿಯ ರಾಜಗೃಹದಲ್ಲಿ, ಬಹುಕಾಲದ ಕಾಯಿಲೆಯಿಂದ ಸವೆದುಹೋಗಿದ್ದ ರಮಾಬಾಯಿ ಅಂಬೇಡ್ಕರ್ ತೀರಿಕೊಂಡರು.

ಹಾಸ್ಟೆಲ್ ಅನ್ನ ಉಂಡು ಓದುವ ನಮಗೆ ಆಕೆ ಬರೀ ಬಾಬಾಸಾಹೇಬರ ಹೆಂಡತಿ ಅಲ್ಲ. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡದಲ್ಲಿ ಬಾಬಾಸಾಹೇಬರ ಒಡನಾಡಿ ಬಳವಂತರಾವ್ ವರಾಳೆಯವರು ಅಸ್ಪೃಶ್ಯರ ಮಕ್ಕಳಿಗೆ ಹಾಸ್ಟೆಲ್ ನಡೆಸುತ್ತಿದ್ದರು. ರಮಾಬಾಯಿ ಅವರ ಮನೆಗೆ ಬಂದು ಕೆಲವು ದಿನ ಇದ್ದರು. ಮುಂದಿನದು ಹಿರಿಯರು ಹೇಳುತ್ತಾ ಬಂದ ಮಾತು. ದಿನಾ ಅಂಗಳದಲ್ಲಿ ಆಡುವ ಮಕ್ಕಳು ಎರಡು ದಿನ ಕಾಣಲಿಲ್ಲವಂತೆ. ಯಾಕೆ ಅಂತ ವಿಚಾರಿಸಿದರೆ, ಸರ್ಕಾರದ ಅನುದಾನ ಬಂದಿಲ್ಲ, ಒಲೆ ಹೊತ್ತಿಲ್ಲ. ಆಕೆ ಒಳಗೆ ಹೋಗಿ ತನ್ನ ಬಂಗಾರದ ಬಳೆ ತಂದುಕೊಟ್ಟು, ಇದನ್ನ ಅಡ ಇಟ್ಟು ಕಾಳುಕಡಿ ತನ್ನಿ ಅಂದರಂತೆ. ಮಕ್ಕಳು ಉಂಡರು. ಅವರ ಬಾಯಲ್ಲಿ ಆಕೆ ರಮಾಯಿ ಆದರು.

ಇದು ಉಳ್ಳವರು ಕೊಡುವ ದಾನ ಅಲ್ಲ. ಗಂಡ ಲಂಡನ್ನಿನಲ್ಲಿ ಓದುತ್ತಿದ್ದಾಗ ಬೆರಣಿ ತಟ್ಟಿ ಸಂಸಾರ ನಡೆಸಿದ ಕೈ ಅದು. ಹೆತ್ತ ಐವರಲ್ಲಿ ಉಳಿದದ್ದು ಯಶವಂತ ಒಬ್ಬನೇ. ಅದನ್ನ ವಿಧಿ ಅಂತ ಯಾರಾದರೂ ಅಂದರೆ ನಾವು ಒಪ್ಪೋದಿಲ್ಲ. ಬಡತನಕ್ಕೂ ಜಾತಿಗೂ ಅದರಲ್ಲಿ ಪಾಲಿದೆ. ಆಕೆಯ ತಾಳ್ಮೆ ದೊಡ್ಡದು, ನಿಜ. ಆದರೆ ತಾಳ್ಮೆಯನ್ನೇ ಹೊಗಳುತ್ತಾ ಕೂತರೆ ಔಷಧಿ ಕೇಳುವವರು ಯಾರು? ಲೈನ್‌ಮನೆಯಲ್ಲಿ ಕೆಮ್ಮುತ್ತಾ, 'ನೀನು ಓದು, ನಂಗೇನೂ ಆಗಿಲ್ಲ' ಅನ್ನುವ ಅವ್ವಂದಿರು ನಮ್ಮಲ್ಲೂ ಇದ್ದಾರೆ. ರಜೆಗೆ ಹೋದವರು ಮೊದಲು ಅವರನ್ನ ಆಸ್ಪತ್ರೆಗೆ ಕರಕೊಂಡು ಹೋಗಿ.

ಆಕೆಗೆ ಪಂಢರಪುರ ನೋಡುವ ಆಸೆ ಇತ್ತು. ನಮ್ಮನ್ನ ಹೊರಗೆ ನಿಲ್ಲಿಸುವ ಪಂಢರಪುರ ಯಾಕೆ, ಬೇರೆಯದೇ ಕಟ್ಟೋಣ ಅಂತ ಬಾಬಾಸಾಹೇಬರು ಹೇಳಿದ್ದರು. ಆಕೆಯ ಭಕ್ತಿಯನ್ನ ನೋಡಿ ನಗುವ ವಿಚಾರವಾದ ನಮಗೆ ಬೇಡ. ಆಸೆಪಟ್ಟವಳದ್ದು ತಪ್ಪಲ್ಲ, ಬಾಗಿಲು ಹಾಕಿದವರದ್ದು. ಆಕೆ ಹೋದ ನಾಲ್ಕೂವರೆ ತಿಂಗಳಿಗೆ, ಅಕ್ಟೋಬರ್ 13ರಂದು, ಯೇವಲಾದಲ್ಲಿ ಬಾಬಾಸಾಹೇಬರು ತಾನು ಹಿಂದೂವಾಗಿ ಸಾಯುವುದಿಲ್ಲ ಅಂತ ಸಾರಿದರು. ಪಾಕಿಸ್ತಾನದ ಪ್ರಶ್ನೆ ಕುರಿತ ತಮ್ಮ ಪುಸ್ತಕವನ್ನ 'ರಾಮು'ವಿನ ನೆನಪಿಗೆ ಅರ್ಪಿಸಿದರು. ಮನೆಯಲ್ಲಿ ಆಕೆಯನ್ನ ಕರೆಯುತ್ತಿದ್ದ ಹೆಸರು ಅದು.

ಜೂನಿನಲ್ಲಿ ಹಾಸ್ಟೆಲ್ ಬಾಗಿಲು ತೆರೆದಾಗ ರಮಾಯಿಯ ಒಂದು ಪಟವನ್ನ ಊಟದ ಹಾಲಿನಲ್ಲೇ ಹಾಕೋಣ. ಅವತ್ತೇ ವಾರ್ಡನ್ನರ ಹತ್ತಿರ ದಾಸ್ತಾನು ಪುಸ್ತಕ ಕೇಳಿ, ಎಷ್ಟು ಅಕ್ಕಿ ಬಂದಿದೆ, ಎಷ್ಟು ಬೆಂದಿದೆ ಅಂತ ನೋಡೋಣ.